ಊರೊಳಗಿನ ಚರಿತ್ರೆ: ಈಮ್ ಗ್ರಾಮದ ನಡಿಗೆ

ಚರಿತ್ರೆಯನ್ನು ಬಹುಕಾಲ ಬೋಧಿಸಿದವರಿಗೆಲ್ಲ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಪಾಣಿಪತ ಕದನದ ಇಸವಿ ಮಕ್ಕಳಿಗೆ ಬಾಯಿಪಾಠವಿರುತ್ತದೆ. ತಮ್ಮ ಊರಿನ ಅಗಸೆಯನ್ನು ಯಾರು ಕಟ್ಟಿಸಿದರೆಂದು ಕೇಳಿದರೆ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ನಮ್ಮ ಸೀಮೆಯ ಮಕ್ಕಳ ಪಾಡು ಇನ್ನೂ ಒಂದು ಹೆಜ್ಜೆ ಮುಂದೆ. ನಾಲ್ಕನೆಯ ಇಯತ್ತೆಯಲ್ಲಿ ಅವರು ಶಿವಾಜಿ ಮಹಾರಾಜರ ಚರಿತ್ರೆಯನ್ನು ಓದುತ್ತಾರೆ, ಓದಬೇಕಾದದ್ದೇ. ಮನೆಯಲ್ಲಿ ಹಿರಿಯರಿಂದ ಕಲ್ಯಾಣದ ಶರಣರ ಕಥೆಯನ್ನು ಕೇಳುತ್ತಾರೆ, ಅದೂ ಸರಿಯೆ. ಈ ಎರಡರ ನಡುವೆ ತಾವು ನಿಂತ ನೆಲದ ಕಥೆಯೊಂದು ಇದೆಯೆಂಬುದನ್ನು ಅವರಿಗೆ ಹೇಳುವವರು ಯಾರೂ ಇಲ್ಲ.

ಈ ವಿಷಯದಲ್ಲಿ ಇಂಗ್ಲೆಂಡಿನ ಹಳ್ಳಿಗಳವರು ಏನು ಮಾಡುತ್ತಾರೆಂಬುದನ್ನು ಈ ತಿಂಗಳು ನೋಡೋಣ. ಅಲ್ಲಿ ಒಂದು ಹಳ್ಳಿಯೆಂದರೆ ಒಂದು ಇಗರ್ಜಿ. ಆ ಇಗರ್ಜಿಯಲ್ಲಿ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು 1538ರಲ್ಲಿಯೇ ಅಪ್ಪಣೆಯಾಯಿತು. ಆದ್ದರಿಂದ ಅಲ್ಲಿಯ ಬಡ ಒಕ್ಕಲಿಗನ ಹೆಸರೂ ಕಾಗದದ ಮೇಲೆ ಉಳಿದಿದೆ. ಡಬ್ಲ್ಯು. ಜಿ. ಹಾಸ್ಕಿನ್ಸ್ ಎಂಬ ವಿದ್ವಾಂಸರ ಯತ್ನದಿಂದ 1948ರಲ್ಲಿ ಲೆಸ್ಟರ್ ನಗರದ ಕಾಲೇಜಿನಲ್ಲಿ ಸ್ಥಳೀಯ ಚರಿತ್ರೆಗೇ ಮೀಸಲಾದ ಒಂದು ವಿಭಾಗವು ಆರಂಭವಾಯಿತು. ಬೇಲಿ, ಕಾಲುದಾರಿ, ಹೊಲದ ಏರಿಳಿತ ಇವೆಲ್ಲ ಓದಬಲ್ಲ ದಾಖಲೆಗಳೇ ಎಂದು ಅವರು ತೋರಿಸಿಕೊಟ್ಟರು. ಅಲ್ಲಿಂದೀಚೆಗೆ ಹಳ್ಳಿ ಹಳ್ಳಿಗೂ ಒಂದು ಚರಿತ್ರೆಯ ಸಂಘ. ಚಳಿಗಾಲದ ಸಂಜೆಗಳಲ್ಲಿ ಊರ ಸಭಾಭವನದಲ್ಲಿ ಉಪನ್ಯಾಸ, ಬೇಸಿಗೆಯಲ್ಲಿ ಒಬ್ಬ ಬಲ್ಲವನ ಹಿಂದೆ ಹತ್ತಿಪ್ಪತ್ತು ಜನರ ನಡಿಗೆ. ಹೇಳುವವನು ಬಹುಶಃ ನಿವೃತ್ತ ಅಂಚೆಯವನೋ ಶಾಲಾ ಮಾಸ್ತರನೋ ಆಗಿರುತ್ತಾನೆ. ಮಾಸ್ತರರಿಗೆ ಎಲ್ಲಿಯೂ ಬಿಡುವಿಲ್ಲವೆಂಬುದು ನಮಗೆ ಆಶ್ಚರ್ಯದ ಮಾತಲ್ಲ.

ಇಂಥ ನಡಿಗೆಗಳಲ್ಲಿ ಬಹು ಪ್ರಸಿದ್ಧವಾದುದು ಡರ್ಬಿಶೈರ್ ಸೀಮೆಯ ಈಮ್ ಎಂಬ ಗ್ರಾಮದ್ದು. ಗುಡ್ಡಗಾಡಿನ ನಡುವೆ ಕಲ್ಲಿನ ಮನೆಗಳ ಒಂದೇ ದೊಡ್ಡ ಬೀದಿ. ಹಿಂದೆ ಅಲ್ಲಿಯ ಜನ ಸೀಸದ ಗಣಿಗಳಲ್ಲಿ ದುಡಿದು, ಕುರಿ ಸಾಕಿ ಬಾಳುತ್ತಿದ್ದರು. ಬೀದಿಯ ಕೆಲವು ಮನೆಗಳ ಮುಂದೆ ಹಸಿರು ಫಲಕಗಳಿವೆ. ಆ ಫಲಕಗಳಲ್ಲಿರುವುದು ದೊರೆಗಳ ಹೆಸರಲ್ಲ. ಆ ಮನೆಯಲ್ಲಿ ಸತ್ತವರ ಹೆಸರು. ಒಂದು ಮನೆಯ ಮುಂದಿನ ಫಲಕದಲ್ಲಿ ಥಾರ್ಪ್ ಎಂಬ ಕುಟುಂಬದ 9 ಮಂದಿಯೂ ತೀರಿಕೊಂಡರೆಂದು ಬರೆದಿದೆ. ಇದು 1665 ಮತ್ತು 1666ರ ಪ್ಲೇಗಿನ ಕಥೆ.

ನಡಿಗೆಯ ಮೊದಲ ನಿಲುಗಡೆ ಇಗರ್ಜಿಯ ಬಳಿಯ ಒಂದು ಸಾಮಾನ್ಯ ಮನೆ. ಲಂಡನ್ನಿನಲ್ಲಿ ಮಹಾಮಾರಿ ಉರಿಯುತ್ತಿದ್ದ 1665ರ ಬೇಸಿಗೆಯ ಕೊನೆಗೆ ಇಲ್ಲಿಯ ದರ್ಜಿಯೊಬ್ಬನಿಗೆ ಅಲ್ಲಿಂದ ಬಟ್ಟೆಯ ಗಂಟು ಬಂದಿತು. ಅವನ ಕೈಕೆಳಗಿನ ಜಾರ್ಜ್ ವಿಕರ್ಸ್ ಎಂಬವನು ತೇವವಾಗಿದ್ದ ಬಟ್ಟೆಯನ್ನು ಬಿಚ್ಚಿ ಒಲೆಯ ಮುಂದೆ ಒಣಹಾಕಿದನಂತೆ. ಸೆಪ್ಟೆಂಬರ್ 7ರಂದು ಅವನನ್ನು ಮಣ್ಣುಮಾಡಿದರು. ಆ ಮನೆಯೊಡತಿ ಮೇರಿ ತನ್ನ ಇಬ್ಬರು ಗಂಡುಮಕ್ಕಳನ್ನು ಮೊದಲ ಕೆಲವು ವಾರಗಳಲ್ಲಿಯೇ ಕಳೆದುಕೊಂಡಳು. ಮುಂದೆ ಗಂಡನೂ ಹೋದ. ಒಟ್ಟು 13 ಮಂದಿ ಬಂಧುಗಳನ್ನು ಕಳುಹಿಸಿಕೊಟ್ಟು ತಾನೊಬ್ಬಳು ಉಳಿದಳೆಂದು ಮನೆಯ ಮುಂದಿನ ಫಲಕ ಹೇಳುತ್ತದೆ.

ಚಳಿಗಾಲದಲ್ಲಿ ರೋಗವು ತಗ್ಗಿತು. ಮುಂದಿನ ಬೇಸಿಗೆಯಲ್ಲಿ ಹೆಡೆಯೆತ್ತಿತು. ಆಗ ಊರಿನ ಧರ್ಮಗುರು ವಿಲಿಯಂ ಮಾಂಪೆಸನ್, ಇನ್ನೂ ತರುಣ, ಊರಿಗೆ ಬಂದು ಬಹಳ ಕಾಲವೂ ಆಗಿರಲಿಲ್ಲ. ಜನಕ್ಕೆ ಅವನ ಮೇಲೆ ಅಷ್ಟಾಗಿ ವಿಶ್ವಾಸವೂ ಇರಲಿಲ್ಲ. ಅವನಿಗಿಂತ ಮೊದಲು ಗುರುವಾಗಿದ್ದ ಥಾಮಸ್ ಸ್ಟಾನ್ಲಿ ಎಂಬ ಹಿರಿಯನು ಮತಭೇದದಿಂದ 1662ರಲ್ಲಿ ಪದವಿ ಕಳೆದುಕೊಂಡು ಅದೇ ಸೀಮೆಯಲ್ಲಿದ್ದನು. ಊರಿನ ಮನಸ್ಸು ಅವನ ಕಡೆಗೆ. ಮಾಂಪೆಸನ್ ತನ್ನ ಅಭಿಮಾನವನ್ನು ಬದಿಗಿಟ್ಟು ಆ ಹಿರಿಯನನ್ನು ಕರೆದುಕೊಂಡು ಜನರ ಮುಂದೆ ನಿಂತನು. ನಮಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹಿರಿದಾಗಿ ಕಾಣುವುದು ಈ ಒಂದು ನಡೆ. ಒಂದೇ ಊರಿನಲ್ಲಿ ಇಬ್ಬರು ಗುರುಗಳಿದ್ದು ಕೂಡಿ ಮಾತನಾಡುವುದು ಎಷ್ಟು ಕಠಿಣವೆಂಬುದು ನಮ್ಮ ಓದುಗರಿಗೆ ವಿದಿತವೇ ಇದೆ.

1666ರ ಜೂನ್ ತಿಂಗಳಲ್ಲಿ ಅವರು ಮೂರು ನಿಶ್ಚಯಗಳನ್ನು ಮಾಡಿದರು. ಸತ್ತವರನ್ನು ಇಗರ್ಜಿಯ ಹಿತ್ತಲಿಗೆ ಒಯ್ಯದೆ ಆಯಾ ಮನೆಯವರೇ ತಮ್ಮ ಹೊಲ ಹಿತ್ತಲುಗಳಲ್ಲಿ ಹೂಳಬೇಕು. ಇಗರ್ಜಿಯ ಬಾಗಿಲು ಮುಚ್ಚಿ ಪ್ರಾರ್ಥನೆಯನ್ನು ಊರ ಹೊರಗಿನ ಕಕ್ಲೆಟ್ ಡೆಲ್ಫ್ ಎಂಬ ಕಣಿವೆಯ ಬಯಲಿನಲ್ಲಿ, ಕುಟುಂಬ ಕುಟುಂಬಗಳು ದೂರ ದೂರ ನಿಂತು, ನಡೆಸಬೇಕು. ಊರವರು ಗಡಿ ದಾಟಿ ಹೋಗಬಾರದು, ಹೊರಗಿನವರು ಬರಬಾರದು. ಚಾಟ್ಸ್‌ವರ್ತ್ ಅರಮನೆಯ ಡೆವನ್‌ಶೈರ್ ಪ್ರಭುವು ಆಹಾರವನ್ನು ಕಳುಹಿಸುವ ಏರ್ಪಾಟಾಯಿತು.

ನಡಿಗೆಯವರು ಹೊಲಗಳನ್ನು ಹಾದು ಸ್ಟೋನಿ ಮಿಡ್ಲ್‌ಟನ್ ಎಂಬ ಪಕ್ಕದ ಊರಿನ ದಾರಿಗೆ ಇಳಿದರೆ ಗಡಿಗಲ್ಲೊಂದು ಸಿಗುತ್ತದೆ. ಒರಟಾದ ಬಂಡೆ, ಮೇಲೆ ಆರು ಕುಳಿಗಳು. ಈಮ್‌ನವರು ಆ ಕುಳಿಗಳಲ್ಲಿ ವಿನೆಗರ್ ತುಂಬಿ ಅದರಲ್ಲಿ ನಾಣ್ಯಗಳನ್ನಿಟ್ಟು ಹೋಗುತ್ತಿದ್ದರು. ಪಕ್ಕದ ಊರವರು ರೊಟ್ಟಿ, ಔಷಧಿಗಳನ್ನು ಇಟ್ಟು ನಾಣ್ಯ ತೆಗೆದುಕೊಳ್ಳುತ್ತಿದ್ದರು. ಊರಿನ ಉತ್ತರಕ್ಕೆ ಮಾಂಪೆಸನ್ ಬಾವಿಯೆಂಬಲ್ಲಿಯೂ ಇದೇ ಕ್ರಮ. ನಾಲ್ಕು ಗೋಡೆಯೊಳಗೆ ಕೇಳಿದ ಮಾತು ಈ ಕಿವಿಯಿಂದ ಆ ಕಿವಿಗೆ ಹೋಗುತ್ತದೆ. ಕಲ್ಲಿನ ಕುಳಿಯಲ್ಲಿ ಬೆರಳಿಟ್ಟ ಹುಡುಗನು ಅದನ್ನು ಮರೆಯಲಾರನು. ಈಮ್‌ಗೆ ಬರುವ ಶಾಲಾ ಮಕ್ಕಳು ಮಾಡುವುದು ಇದನ್ನೇ.

ಊರಿಗೆ ಅರ್ಧ ಮೈಲಿಯ ದೂರದ ದಿಣ್ಣೆಯ ಮೇಲೆ ಒಂದು ಸಣ್ಣ ಕಲ್ಲುಗೋಡೆಯ ಆವರಣವಿದೆ. ಅದರೊಳಗೆ ಹ್ಯಾನ್‌ಕಾಕ್ ಮನೆತನದ ಸಮಾಧಿಗಳು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ 1666ರ ಆಗಸ್ಟಿನಲ್ಲಿ 8 ದಿನಗಳೊಳಗೆ ಗಂಡನನ್ನೂ 6 ಮಕ್ಕಳನ್ನೂ ತಾನೇ ಎಳೆದು ತಂದು ಇಲ್ಲಿ ಹೂಳಿದಳು. ಹೆಣ ಎತ್ತಲು ನಾಲ್ಕು ಹೆಗಲು ಸಿಗದ ಕಾಲ. ಅದೇ ತಿಂಗಳು ಊರಿನಲ್ಲಿ 78 ಮಂದಿ ಸತ್ತರು. ಮಾಂಪೆಸನ್ ದಂಪತಿಗಳು ತಮ್ಮ ಇಬ್ಬರು ಮಕ್ಕಳನ್ನು ಮೊದಲೇ ದೂರಕ್ಕೆ ಕಳುಹಿಸಿದ್ದರು. ಪತ್ನಿ ಕ್ಯಾಥರೀನ್ ಮಾತ್ರ ಗಂಡನ ಜೊತೆ ನಿಂತು ಆಗಸ್ಟ್ 25ರಂದು ತೀರಿಕೊಂಡಳು. ನವೆಂಬರಿನ ಆರಂಭದಲ್ಲಿ ಕೊನೆಯ ಸಾವಾಯಿತು. ಒಟ್ಟು ಸತ್ತವರು 260 ಎಂದು ವಾಡಿಕೆಯ ಲೆಕ್ಕ.

ಇಲ್ಲಿಯವರೆಗೆ ಕಥೆ. ಇನ್ನು ಅದರ ಪರೀಕ್ಷೆ. ಊರಿನ ಚರಿತ್ರೆಯನ್ನು ಊರವರೇ ಹೇಳತೊಡಗಿದರೆ ಅಭಿಮಾನವು ಸತ್ಯದ ಮೇಲೆ ಸವಾರಿ ಮಾಡುವ ಭಯವಿದ್ದೇ ಇರುತ್ತದೆ. ಈಮ್‌ನಲ್ಲಿಯೂ ಹಾಗಾಯಿತು. 350 ಜನರ ಊರಿನಲ್ಲಿ 83 ಮಂದಿ ಮಾತ್ರ ಉಳಿದರೆಂದು ಬಹುಕಾಲ ಹೇಳುತ್ತ ಬಂದರು. ಆ ಕಾಲದ ಒಲೆ ತೆರಿಗೆಯ ಪಟ್ಟಿಗಳನ್ನು ನೋಡಿದವರು ಊರಿನ ಜನಸಂಖ್ಯೆ ಸುಮಾರು 700 ಇದ್ದೀತೆಂದು ತೋರಿಸಿದ್ದಾರೆ. ಮರಣಗಳ ಪುಸ್ತಕವೂ ಇಂದು ಉಳಿದಿರುವುದು ಮೂಲವಲ್ಲ, ಕೆಲವು ದಶಕಗಳ ಅನಂತರ ಮಾಡಿದ ಪ್ರತಿ. ವಿಲಿಯಂ ವುಡ್ ಎಂಬ ಊರಿನವನೇ ಆದ ಬರಹಗಾರನು 1842ರಲ್ಲಿ ಈಮ್‌ನ ಚರಿತ್ರೆಯನ್ನು ಬರೆದನು. ಹಿರಿಯರ ಬಾಯಿಂದ ಕೇಳಿದ್ದೆಲ್ಲ ಅದರಲ್ಲಿ ಸೇರಿತು. ಎಮಟ್ ಸಿಡಾಲ್ ಎಂಬ ಕನ್ಯೆಯೂ ಪಕ್ಕದ ಊರಿನ ರೋಲೆಂಡ್ ಎಂಬ ತರುಣನೂ ಕಣಿವೆಯ ಆಚೆ ಈಚೆ ನಿಂತು ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತಿದ್ದರೆಂಬ ಕಥೆ ಜನಕ್ಕೆ ಬಲು ಪ್ರಿಯ. ಇಗರ್ಜಿಯ ಬಣ್ಣದ ಗಾಜಿನಲ್ಲಿಯೂ ಅವರ ಚಿತ್ರವಿದೆ. ಎಮಟಳ ಹೆಸರು ಮರಣದ ಪಟ್ಟಿಯಲ್ಲಿ ಇದೆ. ಪ್ರೇಮದ ಭಾಗಕ್ಕೆ ಜನರ ಬಾಯಿಯೇ ಆಧಾರ. 2006ರಲ್ಲಿ ಪ್ಯಾಟ್ರಿಕ್ ವಾಲಿಸ್ ಎಂಬ ಇತಿಹಾಸಕಾರರು ಈ ತ್ಯಾಗದ ಕಥೆಯು ತಲೆಮಾರಿನಿಂದ ತಲೆಮಾರಿಗೆ ಹೇಗೆ ಬೆಳೆಯುತ್ತ ಬಂದಿತೆಂಬುದನ್ನು ಒಂದು ಲೇಖನದಲ್ಲಿ ಬಿಡಿಸಿಟ್ಟರು.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಊರಲ್ಲೇ ಉಳಿದದ್ದು ಸರಿಯೋ ತಪ್ಪೋ? ಪ್ಲೇಗಿನ ಜಂತುವನ್ನು ಕಂಡುಹಿಡಿದದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುವುದೆಂದು ಫ್ರೆಂಚ್ ವೈದ್ಯ ಸೀಮಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಹಾಗಾದರೆ ಇಲಿಗಳ ನಡುವೆ ಬಾಗಿಲು ಹಾಕಿಕೊಂಡು ಕುಳಿತದ್ದು ಸಾವನ್ನು ಬರಮಾಡಿಕೊಂಡಂತೆ ಆಯಿತಲ್ಲವೇ ಎಂದು ಕೆಲವರ ಆಕ್ಷೇಪ. ಆದರೆ 2016ರಲ್ಲಿ ಪ್ರಕಟವಾದ ಒಂದು ಗಣಿತಾಧಾರಿತ ಅಧ್ಯಯನವು ಈಮ್‌ನ ಸಾವುಗಳ ತಾರೀಖುಗಳನ್ನು ಮನೆಮನೆಯಾಗಿ ಜೋಡಿಸಿ ನೋಡಿ, ನಾಲ್ಕರಲ್ಲಿ ಮೂರು ಪಾಲು ಸೋಂಕು ಮನುಷ್ಯನಿಂದ ಮನುಷ್ಯನಿಗೇ ತಗುಲಿರಬೇಕೆಂದು ಹೇಳಿದೆ. ಬಯಲಿನಲ್ಲಿ ದೂರ ನಿಂತದ್ದೂ ಗಡಿ ದಾಟದಿದ್ದುದೂ ಹಾಗಾದರೆ ಅರ್ಥವುಳ್ಳ ಕೆಲಸವೇ. ವಾದವು ಇನ್ನೂ ಮುಗಿದಿಲ್ಲ. ಹಣವುಳ್ಳವರು ಕೆಲವರು ಮೊದಲೇ ಹೊರಟುಹೋದರೆಂದೂ ಉಳಿದವರಿಗೆ ಹೋಗಲು ಬೇರೆ ಠಾವೇ ಇರಲಿಲ್ಲವೆಂದೂ ಹೇಳುವವರಿದ್ದಾರೆ. ಬಡವನು ನಿಂತದ್ದು ತ್ಯಾಗವೋ ಅನಿವಾರ್ಯವೋ ಎಂಬುದನ್ನು ಮರಣದ ಪಟ್ಟಿ ತಿಳಿಸುವುದಿಲ್ಲ. ಈ ಸಂಶಯಗಳನ್ನು ಮುಚ್ಚಿಟ್ಟರೆ ನಡಿಗೆಯು ಪುರಾಣಪ್ರವಚನವಾಗುತ್ತದೆ. ಬಿಚ್ಚಿ ಹೇಳಿದರೆ ಎಲಿಜಬೆತ್ ಹ್ಯಾನ್‌ಕಾಕಳ ಏಳು ಸಮಾಧಿಗಳ ಭಾರವೇನೂ ಕಡಿಮೆಯಾಗುವುದಿಲ್ಲವೆಂದು ನಮ್ಮ ಭಾವನೆ.

ಊರಿನಲ್ಲಿ ದೇವರಂಥವರೇ ಇದ್ದರೆಂದೂ ಅಲ್ಲ. ಮಾರ್ಷಲ್ ಹೋ ಎಂಬೊಬ್ಬ ಬಲಶಾಲಿಯು, ರೋಗ ಬಂದು ವಾಸಿಯಾದವನಾದ್ದರಿಂದ, ದಿಕ್ಕಿಲ್ಲದ ಹೆಣಗಳನ್ನು ಹೂಳುತ್ತಿದ್ದನು. ಕೂಲಿಗೆ ಬದಲಾಗಿ ಸತ್ತವರ ಸಾಮಾನುಗಳನ್ನು ಹೊತ್ತುಕೊಂಡು ಹೋಗುತ್ತಿದ್ದನಂತೆ. ಅವನ ಹೆಂಡತಿಯೂ ಮಗನೂ ಅದೇ ರೋಗದಿಂದ ಸತ್ತರು. ಮುಂದೆ ಎಷ್ಟೋ ಕಾಲ ಈಮ್‌ನ ತಾಯಂದಿರು ಹಟಮಾರಿ ಮಕ್ಕಳಿಗೆ ಅವನ ಹೆಸರು ಹೇಳಿ ಹೆದರಿಸುತ್ತಿದ್ದರು.

ನಮ್ಮ ಕಡೆಯ ಮಾತಿಗೆ ಬರೋಣ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಒಂದೆರಡು ವರ್ಷಗಳಲ್ಲಿ ಸೊಲ್ಲಾಪುರ, ವಿಜಾಪುರ, ಧಾರವಾಡ ಸೀಮೆಗಳನ್ನೆಲ್ಲ ಆವರಿಸಿತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ಪುಣೆಯಲ್ಲಿ ಸೈನಿಕರು ಮನೆಗಳನ್ನು ಹೊಕ್ಕು ರೋಗಿಗಳನ್ನು ಎಳೆದೊಯ್ದರು. ಜನರ ಕ್ರೋಧ ಕುದಿದು ಅದೇ ವರ್ಷ ಜೂನ್ 22ರಂದು ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿತು. ಈಮ್‌ನಲ್ಲಿ ಇಬ್ಬರು ಗುರುಗಳ ಮಾತಿಗೆ ಊರೇ ಗಡಿಯೊಳಗೆ ನಿಂತಿತು. ಇಲ್ಲಿ ಬಂದೂಕಿನ ಬಲಕ್ಕೂ ಜನ ಬಗ್ಗಲಿಲ್ಲ. ಆದರೆ ನಮ್ಮ ಹಳ್ಳಿಗರು ತಮ್ಮದೇ ಒಂದು ಉಪಾಯವನ್ನು ಕಂಡುಕೊಂಡರು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರನ್ನೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುತ್ತಿದ್ದರು. ಚಿಗಟದ ಶಾಸ್ತ್ರವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಸತ್ತ ಇಲಿಯಿಂದ ದೂರ ಹೋಗಬೇಕೆಂಬ ಅವರ ವಿವೇಕವು ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು.

ಈಮ್‌ನವರು 1866ರಲ್ಲಿ, ಇನ್ನೂರು ವರ್ಷ ತುಂಬಿದಾಗ, ಸತ್ತವರನ್ನು ವಿಶೇಷವಾಗಿ ಸ್ಮರಿಸಿದರು. ಈಗ ಪ್ರತಿ ವರ್ಷ ಆಗಸ್ಟಿನ ಕೊನೆಯ ರವಿವಾರ ಕಕ್ಲೆಟ್ ಡೆಲ್ಫ್ ಬಯಲಿನಲ್ಲಿ ಪ್ರಾರ್ಥನೆ ನಡೆಯುತ್ತದೆ. ಕ್ಲಾರೆನ್ಸ್ ಡೇನಿಯಲ್ ಎಂಬ ಊರಿನ ಹಿರಿಯರು ಬಾಳೆಲ್ಲ ಕೂಡಿಸಿಟ್ಟ ವಸ್ತುಗಳು ಮತ್ತು ಟಿಪ್ಪಣಿಗಳ ಆಧಾರದಿಂದ 1994ರಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಸ್ವಯಂಸೇವಕರೇ ಅದನ್ನು ನಡೆಸುತ್ತಾರೆ. ಇತ್ತ ನಮ್ಮ ಹಿರಿಯರು ಯಾವ ಹೊಲದಲ್ಲಿ ಗುಡಿಸಲು ಹಾಕಿದ್ದರು, ಯಾವ ಬಾವಿಯ ನೀರು ಕುಡಿದರು, ಯಾವ ಓಣಿಯು ಆ ವರ್ಷ ಪಾಳುಬಿದ್ದು ಮತ್ತೆ ಏಳಲಿಲ್ಲ ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಕನ್ನಡದಲ್ಲಿ ಮಾತ್ರ, ಕೆಲವು ವೃದ್ಧರ ನೆನಪಿನಲ್ಲಿ ಮಾತ್ರ ಇದೆ. ಪ್ಲೇಗನ್ನು ಕಂಡವರು ಎಂದೋ ಹೋದರು. ಅವರ ಬಾಯಿಂದ ಕೇಳಿದವರೂ ಈಗ ಎಂಬತ್ತರ ಆಚೆಗಿದ್ದಾರೆ. ಮೊಮ್ಮಕ್ಕಳಲ್ಲಿ ಬಹಳ ಮಂದಿ ಮರಾಠಿ ಇಲ್ಲವೆ ಇಂಗ್ಲಿಷ್ ಶಾಲೆಯವರು. ಅಜ್ಜಿಯ ಮಾತು ಅವರಿಗೆ ಅರ್ಧ ಮಾತ್ರ ತಿಳಿಯುತ್ತದೆ.

ಬರುವ ರಜೆಯಲ್ಲಿ ನಾವು ಏಳನೆಯ ಇಯತ್ತೆಯ ಹುಡುಗರನ್ನೂ ಹುಡುಗಿಯರನ್ನೂ ಕರೆದುಕೊಂಡು ನಮ್ಮ ಊರಿನ ಅಗಸೆಯಿಂದ ಹಳೆಯ ಬಾವಿಯವರೆಗೆ ಒಂದು ಬೆಳಗ್ಗೆ ನಡೆಯಬೇಕೆಂದಿದ್ದೇವೆ. ಪ್ರತಿ ಮನೆಯ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಮಕ್ಕಳೇ ಕೇಳಬೇಕು, ಮಕ್ಕಳೇ ಬರೆದುಕೊಳ್ಳಬೇಕು. ಯಾರು ಹೇಳಿದರು, ಅವರು ತಾವೇ ಕಂಡದ್ದೋ ಕೇಳಿದ್ದೋ ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕೆಂದು ಹೇಳಲಾಗಿದೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಪ್ಲೇಗಿನ ವರ್ಷದ ಗುಡಿಸಲಿನ ನೆನಪು ಉಳಿದಿದ್ದರೆ, ಹೊಲದ ಹೆಸರು ಸಹಿತ, ಕಾಗದದ ಒಂದೇ ಬದಿಗೆ ಬರೆದು ಈ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿಕೊಡಬೇಕಾಗಿ ವಿನಂತಿ.