ಆರು ತುಂಬಿ ಏಳಕ್ಕೆ ಬಿದ್ದಾಗ

ಮಕ್ಕಳೇ, ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅಮ್ಮನೋ, ಅತ್ತೆಯೋ, ಚಿಕ್ಕಮ್ಮನೋ ಬಸುರಿಯಾಗಿರಬಹುದು. ನಮ್ಮ ಮನೆಯಲ್ಲೂ ಈಗ ಅದೇ ಸಂಭ್ರಮ. ಕಿರಿಯ ಸೊಸೆಗೆ ಆರು ತುಂಬಿ ಏಳಕ್ಕೆ ಬಿದ್ದಿದೆ. ಮೂರನೇ ಕ್ಲಾಸಿನ ಮೊಮ್ಮಗ ದಿನಕ್ಕೆ ಹತ್ತು ಪ್ರಶ್ನೆ ಕೇಳುತ್ತಾನೆ. “ತಾತ, ಪಾಪು ಈಗ ಎಷ್ಟು ದೊಡ್ಡದಿದೆ? ನಾನು ಕೂಗಿದರೆ ಅದಕ್ಕೆ ಕೇಳಿಸುತ್ತಾ?” ನಾನು ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ. ಆದರೂ ಮಗನಿಗೆ ರಜೆ ಸಿಗದ ದಿನ ನಾನೂ ನನ್ನ ಹೆಂಡತಿಯೂ ಸೊಸೆಯ ಜೊತೆ ತಪಾಸಣೆಗೆ ಹೋಗುತ್ತೇವೆ. ಡಾಕ್ಟರಮ್ಮನನ್ನು ಕೇಳಿ, ತಾಯಿ ಕಾರ್ಡನ್ನು ಪಾಸ್‌ಬುಕ್ಕಿನಂತೆ ಸಾಲು ಸಾಲಾಗಿ ಓದಿ ತಿಳಿದದ್ದನ್ನು ಈ ವಾರ ಹೇಳುತ್ತೇನೆ. ಅಜ್ಜ ಅಜ್ಜಿಯರೂ ಕನ್ನಡಕ ಹಾಕಿಕೊಂಡು ಜೊತೆಗೆ ಕೂರಲಿ. ಅವರಿಗೆಂದೇ ಒಂದು ಮಾತಿದೆ.

ಮೊದಲು ಲೆಕ್ಕ. ಡಾಕ್ಟರುಗಳು ಬಸಿರನ್ನು ವಾರಗಳಲ್ಲಿ ಎಣಿಸುತ್ತಾರೆ. ಒಟ್ಟು 40 ವಾರ. ಅದನ್ನು ಮೂರು ಪಾಲು ಮಾಡಿ ಒಂದೊಂದಕ್ಕೂ ತ್ರೈಮಾಸಿಕ ಎನ್ನುತ್ತಾರೆ. ಮೂರು ತಿಂಗಳಿಗೊಮ್ಮೆ ಬಡ್ಡಿ ಲೆಕ್ಕ ಹಾಕಿದ ನಮಗೆ ಈ ಪದ ಹಳೆಯ ಪರಿಚಯ. 27 ವಾರ ತುಂಬಿದರೆ ಎರಡನೇ ತ್ರೈಮಾಸಿಕ ಮುಗಿದಂತೆ.

24ನೇ ವಾರದಲ್ಲಿ ಮಗು ಸುಮಾರು 600 ಗ್ರಾಂ ತೂಗುತ್ತದೆ. 28ನೇ ವಾರದ ಹೊತ್ತಿಗೆ ಸುಮಾರು ಒಂದು ಕಿಲೋ, ಅಂದರೆ ಅಂಗಡಿಯ ಒಂದು ಸಕ್ಕರೆ ಪೊಟ್ಟಣದಷ್ಟು. ತಲೆಯಿಂದ ಪಾದದವರೆಗೆ ಅಳೆದರೆ ನಿಮ್ಮ 30 ಸೆಂಟಿಮೀಟರಿನ ಸ್ಕೇಲಿಗಿಂತ ಸ್ವಲ್ಪ ಹೆಚ್ಚೇ. ಚರ್ಮ ಇನ್ನೂ ನಮ್ಮಂಥ ಮುದುಕರ ಚರ್ಮದಂತೆ ಸುಕ್ಕು ಸುಕ್ಕು. ಅಷ್ಟು ದಿನ ಮುಚ್ಚಿದ್ದ ರೆಪ್ಪೆಗಳು ಈ ವಾರಗಳಲ್ಲಿ ತೆರೆಯುತ್ತವೆ. ನನಗೆ ಬಹಳ ಖುಷಿ ಕೊಟ್ಟ ಸಂಗತಿ ಇನ್ನೊಂದಿದೆ. ಬೆರಳ ತುದಿಯ ಗೆರೆಗಳು ಆಗಲೇ ಮೂಡಿರುತ್ತವೆ. ಬ್ಯಾಂಕಿನಲ್ಲಿ ನಾನು ಎಷ್ಟೋ ಜನರ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿಸಿದ್ದೇನೆ. ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ, ಅವಳಿ ಜವಳಿಗಳದ್ದೂ ಬೇರೆ ಬೇರೆ. ಆ ಗುರುತು ಹುಟ್ಟುವ ಮೊದಲೇ ಸಿದ್ಧ!

ಕಿವಿಯ ವಿಷಯಕ್ಕೆ ಬರೋಣ. ಸುಭದ್ರೆಯ ಹೊಟ್ಟೆಯಲ್ಲಿದ್ದ ಅಭಿಮನ್ಯು ಚಕ್ರವ್ಯೂಹದ ಕಥೆ ಕೇಳಿದನೆಂದು ಅಜ್ಜಿ ಹೇಳಿರುತ್ತಾರಲ್ಲ? ಮಾತಿನ ಅರ್ಥ ಮಗುವಿಗೆ ತಿಳಿಯದು, ಆದರೆ ಈ ಹೊತ್ತಿಗೆ ಸದ್ದು ಕೇಳಿಸುತ್ತದೆ ಎನ್ನುವುದು ನಿಜ. ತಾಯಿಯ ಎದೆಬಡಿತ, ಅವಳ ಮಾತು, ಹೊರಗಿನ ಜೋರು ಸದ್ದು ಎಲ್ಲವೂ ಮುಟ್ಟುತ್ತವೆ. ಜೋರು ಸದ್ದಿಗೆ ಅದು ಬೆಚ್ಚುವುದೂ ಉಂಟು. ಆದ್ದರಿಂದ ಮಾತಾಡಿ, ಪದ್ಯ ಹೇಳಿ. ಪಟಾಕಿ ಹೊಡೆಯಬೇಡಿ. “ತಮ್ಮನೋ ತಂಗಿಯೋ?” ಎಂದು ಮಾತ್ರ ಡಾಕ್ಟರನ್ನು ಕೇಳುವ ಹಾಗಿಲ್ಲ. 1994ರ ಕಾಯ್ದೆಯ ಪ್ರಕಾರ ಅದನ್ನು ಹೇಳುವುದೂ ಅಪರಾಧ, ಹೇಳಿಸುವುದೂ ಅಪರಾಧ.

ಇನ್ನು ತಾಯಿ. ಸಂಜೆಗೆ ಪಾದ ಊದುತ್ತದೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಎದೆ ಉರಿ, ಸೊಂಟ ನೋವು, ಹೊಟ್ಟೆಯ ಚರ್ಮದಲ್ಲಿ ತುರಿಕೆ, ಆಗಾಗ ಹೊಟ್ಟೆ ಗಟ್ಟಿಯಾಗಿ ಮತ್ತೆ ಸಡಿಲವಾಗುವುದು, ಇವೆಲ್ಲ ಸಾಮಾನ್ಯ. ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಊಟ, ಕಾಲ ಕೆಳಗೊಂದು ದಿಂಬು, ಎಡಮಗ್ಗುಲ ನಿದ್ದೆ, ಇಷ್ಟರಿಂದ ಬಹಳಷ್ಟು ಹಗುರವಾಗುತ್ತದೆ.

ಅಜ್ಜ ಅಜ್ಜಿಯರೇ, ನನ್ನ ಮಾತು ಇಲ್ಲಿದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮಮ್ಮನ ತಂಗಿ ಚೊಚ್ಚಲ ಹೆರಿಗೆಗೆಂದು ಮನೆಗೆ ಬಂದಿದ್ದಳು. ಏಳನೇ ತಿಂಗಳು. ಮುಖ ಊದಿತು, ಬಳೆ ಬಿಗಿಯಾಯಿತು, ತಲೆನೋವೆಂದು ಅತ್ತಳು, ಕಣ್ಣು ಮಂಜಾಗುತ್ತಿದೆ ಎಂದಳು. ಮನೆಯ ಹಿರಿಯರು “ಬಸುರಿಗೆ ಇದೆಲ್ಲ ಇದ್ದದ್ದೇ” ಎಂದರು. ಅವರು ಕೆಟ್ಟವರಲ್ಲ, ಅವಳನ್ನು ಕಣ್ಣಿನ ರೆಪ್ಪೆಯಂತೆ ನೋಡಿಕೊಂಡವರೇ. ಮೂರನೇ ದಿನ ಫಿಟ್ಸ್ ಬಂತು. ಗಾಡಿ ಕಟ್ಟಿ ಪೇಟೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ. ಅದು ರಕ್ತದೊತ್ತಡ ಏರಿ ಬರುವ ಬಸಿರ ನಂಜು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಪಾದದ ಊತ ಬೇರೆ, ಮುಖ ಮತ್ತು ಕೈಯ ಊತ ಬೇರೆ. ಹೋಗದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ಜೋರು ನೋವು ಇದ್ದರೆ ನಾಳೆಗೆ ಕಾಯಬಾರದು. ರಕ್ತ ಕಂಡರೆ, ನೀರು ಹೋದರೆ, ಜ್ವರ ಬಂದರೆ, ಹೊಟ್ಟೆನೋವು ಬಿಟ್ಟು ಬಿಟ್ಟು ಬರುತ್ತಿದ್ದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ ಆಗಲೂ ಅಷ್ಟೇ. ಮಗುವಿನ ಮಿಸುಕಾಟ 24 ವಾರ ತುಂಬಿದರೂ ಗೊತ್ತಾಗದಿದ್ದರೆ, ಅಥವಾ ದಿನವೂ ಇದ್ದದ್ದು ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಿ.ಪಿ. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಾಕ್ಟರ ಕಣ್ಣು ಅದರ ಮೇಲಿರಬೇಕು. ಅದಕ್ಕೇ ಪ್ರತಿ ಸಲವೂ ತೋಳಿಗೆ ಪಟ್ಟಿ ಸುತ್ತಿ ನೋಡುವುದು, ಮೂತ್ರ ಪರೀಕ್ಷೆ ಮಾಡುವುದು.

ಈ ವಾರಗಳಲ್ಲಿ ತಪ್ಪಿಸಬಾರದ ಇನ್ನೊಂದು ಪರೀಕ್ಷೆ ಸಕ್ಕರೆಯದು. 24ರಿಂದ 28ನೇ ವಾರದೊಳಗೆ ಮಾಡುತ್ತಾರೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ತೆಗೆಯುತ್ತಾರೆ. 140 ಅಥವಾ ಹೆಚ್ಚು ಬಂದರೆ ಬಸಿರಿನ ಸಕ್ಕರೆ ಕಾಯಿಲೆ. “ನಮ್ಮ ವಂಶದಲ್ಲಿ ಯಾರಿಗೂ ಇಲ್ಲ” ಎಂದು ಪರೀಕ್ಷೆ ಬಿಡಿಸಬೇಡಿ. ಯಾವ ತೊಂದರೆಯನ್ನೂ ತೋರಿಸದೆ ಇದು ಬರಬಹುದು. ಗೊತ್ತಾದರೆ ಊಟದ ಪಥ್ಯದಲ್ಲಿಯೇ ಎಷ್ಟೋ ಜನಕ್ಕೆ ಹತೋಟಿಗೆ ಬರುತ್ತದೆ.

ಕಬ್ಬಿಣದ ಮಾತ್ರೆಯ ಬಗ್ಗೆಯೂ ಹೇಳಬೇಕು. ಮೊನ್ನೆ ನಮ್ಮ ಮನೆಗೆ ಬಂದ ಹಿರಿಯರೊಬ್ಬರು “ಆ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ” ಎಂದರು. ನನ್ನ ಹೆಂಡತಿ, “ಕಪ್ಪಾಗುವುದು ಬೆಳಗ್ಗೆ ಪಾಯಿಖಾನೆಗೆ ಹೋದದ್ದು, ಮಗುವಲ್ಲ” ಎಂದಳು. ಮೊಮ್ಮಗ ಬಿದ್ದು ಬಿದ್ದು ನಕ್ಕ. ನಗೆ ಇರಲಿ, ವಿಷಯ ಗಂಭೀರ. ಬಸಿರಿನಲ್ಲಿ ತಾಯಿಯ ಮೈಯ ರಕ್ತ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಆದರೆ ನೀರಿನಂಶ ಹೆಚ್ಚಿ, ಕೆಂಪು ಕಣ ಅಷ್ಟು ಹೆಚ್ಚುವುದಿಲ್ಲ. ನೆಂಟರು ಬಂದರೆಂದು ಸಾರಿಗೆ ನೀರು ಬೆರೆಸಿದ ಹಾಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಗರ್ಭಿಣಿಯರಲ್ಲಿ 100ಕ್ಕೆ 52 ಮಂದಿಗೆ ರಕ್ತಹೀನತೆ. ಹೆರಿಗೆಯಲ್ಲಿ ರಕ್ತ ಹೋದರೆ ಅಂಥವರು ತಡೆದುಕೊಳ್ಳುವುದು ಕಷ್ಟ. ಮಾತ್ರೆ ನುಂಗಿದ ಕೂಡಲೇ ಕಾಫಿ, ಟೀ ಕೊಡಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ಕೊಡಿ. ಹೆಚ್ಚು ತಿಂದರೆ ಹೆರಿಗೆ ಕಷ್ಟವೆಂದು ಅರೆಹೊಟ್ಟೆ ಇಡಬೇಡಿ. ಮಾತೃಪೂರ್ಣ ಯೋಜನೆಯಲ್ಲಿ 2017ರಿಂದ ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಬಿಸಿಯೂಟವಿದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆಯೂ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ.

ಸೀಮಂತಕ್ಕೆ ಹಸಿರು ಬಳೆ ತೊಡಿಸೋಣ, ಮಡಿಲು ತುಂಬೋಣ. ಅದರ ಜೊತೆಗೆ ಒಂದು ಅಭ್ಯಾಸವನ್ನೂ ಮಾಡಿಕೊಳ್ಳೋಣ. ಬಸುರಿ ಏನಾದರೂ ಹೇಳಿದಾಗ ನಮ್ಮ ಬಾಯಿಂದ “ಇದ್ದದ್ದೇ ಬಿಡು” ಎನ್ನುವ ಮಾತು ಮೊದಲು ಬರಬಾರದು. “ಏನಾಗ್ತಿದೆ, ಹೇಳಮ್ಮ” ಎಂದು ಕೇಳಬೇಕು.

ಮಕ್ಕಳೇ, ನಿಮಗೂ ಕೆಲಸವಿದೆ. ಮುಂದಿನ ತಪಾಸಣೆಯ ತಾರೀಖಿಗೆ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿ. ರಾತ್ರಿ ಮಾತ್ರೆಯ ಜೊತೆ ನೀರಿನ ಲೋಟ ತಂದುಕೊಡಿ. ನಾನು ಮೇಲೆ ಹೇಳಿದ ಅಪಾಯದ ಗುರುತುಗಳನ್ನು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ. ಕೆಳಗೆ ಆಂಬುಲೆನ್ಸಿನ ನಂಬರು 108 ಇರಲಿ. ದೊಡ್ಡವರು ಮರೆತರೆ ಓದಿ ಹೇಳಿ, ಅವರು ಬೈದರೂ ಪರವಾಗಿಲ್ಲ.