ಯಾರಿಗೆ ಯಾವ ಕಡಲತೀರ?

ಜೊಯಿಡಾದ ಕಾಡಿನಲ್ಲಿ ಹುಟ್ಟುವ ಕಾಳಿ, ದಾಂಡೇಲಿಯನ್ನು ಹಾದು ಕಾರವಾರದಲ್ಲಿ ಕಡಲು ಸೇರುತ್ತದೆ. ರಜೆ ಬಂತೆಂದರೆ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದ ಕುಟುಂಬಗಳೂ ಘಟ್ಟವಿಳಿದು ಅದೇ ಕಡಲಿನತ್ತ ಸಾಗುತ್ತವೆ. ಕಾಳಿಯಲ್ಲಿ ರ‍್ಯಾಫ್ಟಿಂಗ್‌ಗೆ ಹೊರಟವರು ಲೈಫ್ ಜಾಕೆಟ್ ತೊಟ್ಟು ಮಾರ್ಗದರ್ಶಿಯ ಮಾತು ಕೇಳುತ್ತಾರೆ. ಕಡಲತೀರದಲ್ಲಿ ಅವರೇ ಯಾರನ್ನೂ ವಿಚಾರಿಸದೆ ನೀರಿಗಿಳಿಯುತ್ತಾರೆ.

ತೀರಗಳೆಲ್ಲವೂ ಒಂದೇ ಅಲ್ಲ. ವೃದ್ಧರಿಗೆ ಕಾರವಾರದ ಟ್ಯಾಗೋರ್ ತೀರ ಅನುಕೂಲ. ಹೆದ್ದಾರಿಯ ಪಕ್ಕದಲ್ಲಿರುವುದರಿಂದ ನಡಿಗೆಯ ಶ್ರಮವಿಲ್ಲ. ಮಕ್ಕಳೊಂದಿಗರು ಹೊನ್ನಾವರದ ಕಾಸರಕೋಡನ್ನು ಆರಿಸಿಕೊಳ್ಳಬಹುದು. 2020ರಲ್ಲಿ ಅದು ಪಡೆದ ‘ನೀಲಿ ಧ್ವಜ’ ಮಾನ್ಯತೆಗೆ ನೀರಿನ ಶುದ್ಧತೆಯಷ್ಟೇ ಸುರಕ್ಷತೆಯೂ ಮಾನದಂಡ. ಗೋಕರ್ಣದ ಓಂ ತೀರ ಬಂಡೆಗಳದ್ದು. ನಡೆಯಬಲ್ಲ ಯುವಜನರ ಕಣ್ಣಿಗೆ ಹಬ್ಬ, ಈಜಿಗಲ್ಲ. ದೇವರ ದರ್ಶನವೂ ಕಡಲೂ ಬೇಕೆನ್ನುವವರಿಗೆ ಮುರ್ಡೇಶ್ವರವಿದೆ. ಆದರೆ ಅಲ್ಲಿಯೇ 2024ರ ಡಿಸೆಂಬರಿನಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು.

ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಅನೇಕ ವೇಳೆ ಮನುಷ್ಯನನ್ನು ಒಳಕ್ಕೆಳೆಯುವ ಸೆಳವು. ಇದು ಮೀನುಗಾರನಿಗೆ ಗೊತ್ತು. ಘಟ್ಟದ ಮೇಲಿನವನಿಗೆ ಗೊತ್ತಿಲ್ಲ. ಅರ್ಥಶಾಸ್ತ್ರವು ಇದನ್ನು ಮಾಹಿತಿಯ ಅಸಮಾನತೆ ಎನ್ನುತ್ತದೆ. ಅದನ್ನು ನೀಗಿಸುವುದು ಸರಕಾರದ ಹೊಣೆ.

ದುರಂತದ ಮರುದಿನ ತೀರವನ್ನು ಮುಚ್ಚುವುದು ಆಡಳಿತಕ್ಕೆ ಸುಲಭ. ಆಡಳಿತದಲ್ಲಿದ್ದವನಾಗಿ ಇದನ್ನು ಬಲ್ಲೆ. ಕಷ್ಟದ ಕೆಲಸ ಬೇರೆ: ಎಲ್ಲಿ ಇಳಿಯಬಹುದು, ಯಾವ ತಿಂಗಳು ಇಳಿಯಬಾರದು, ಜೀವರಕ್ಷಕರು ಎಷ್ಟು ಹೊತ್ತಿನವರೆಗೆ ಇರುತ್ತಾರೆ ಎಂಬುದನ್ನು ಪ್ರತಿ ತೀರದಲ್ಲೂ ಸ್ಪಷ್ಟವಾಗಿ ಬರೆದು ಹಾಕುವುದು. ಅಲ್ಲಿಯವರೆಗೆ, ಚಿತ್ರ ನೋಡಿ ತೀರವನ್ನು ಆರಿಸದಿರೋಣ. ಜೊತೆಗಿರುವವರನ್ನು ನೋಡಿ ಆರಿಸೋಣ.