ಹಿಮದ ಮೇಲಿನ ಬೆಂಕಿ, ಎರೆಮಣ್ಣಿನ ಮೇಲಿನ ಬೆಂಕಿ

ಹಿಮ ಮುಸುಕಿದ ನೆಲದ ಮೇಲೆ ಬೆಂಕಿ ಹೊತ್ತಿಸುವ ಬಗೆಯನ್ನು ಕಲಬುರಗಿಯ ವಿದ್ಯಾರ್ಥಿಯು ಏಕೆ ಅರಿಯಬೇಕು? ಬೇಸಗೆಯಲ್ಲಿ 40 ಡಿಗ್ರಿ ಮೀರುವ ಊರಿನಲ್ಲಿ ಈ ಪ್ರಶ್ನೆ ನಗೆ ತರಿಸಿದರೆ ಆಶ್ಚರ್ಯವಿಲ್ಲ. ಆದರೂ ನಾವು ಗುಪ್ತೋಷ್ಣವನ್ನು ಬೋಧಿಸಲು ತೊಡಗುವುದು ಮಂಜುಗಡ್ಡೆಯಿಂದಲೇ. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಬೇಕೆಂದು ನಮ್ಮ ಹುಡುಗರು ತಪ್ಪದೆ ಬರೆಯುತ್ತಾರೆ. ಆ ಎಂಬತ್ತರ ಭಾರವನ್ನು ಅನುಭವದಿಂದ ಬಲ್ಲವರು ವಿರಳ.

ಆ ಗುಪ್ತೋಷ್ಣವು ನಮ್ಮೆದುರಿಗೇ ಬಂದು ನಿಂತ ಪ್ರಸಂಗವೊಂದುಂಟು. ಒಂದು ಶ್ರಾವಣದಲ್ಲಿ ವಿದ್ಯಾರ್ಥಿಗಳೊಡನೆ, ಹುಮನಾಬಾದ್ ಮಾರ್ಗದಲ್ಲಿರುವ ಕಮಲಾಪುರದ ಬಳಿ ಶಿಬಿರ ಹೂಡಿದ್ದೆವು. ಮಳೆ ನಿಂತ ಸಂಜೆ, ತೊಯ್ದ ಎರೆಮಣ್ಣಿನ ಮೇಲೆಯೇ ಒಟ್ಟಿದ ತೊಗರಿಕಟ್ಟಿಗೆಯು ಮೂರು ಸಲ ಹೊತ್ತಿ, ಮೂರು ಸಲವೂ ಹೊಗೆಯಾಗಿ ಆರಿತು. ಕಟ್ಟಿಗೆ ಹಸಿಯೆಂದು ಹುಡುಗರು ದೂರಿದರು; ಒಬ್ಬನು ಸೀಮೆಎಣ್ಣೆ ಸುರಿಯಲು ಮುಂದಾದಾಗ ನಾವು ಕೈ ಹಿಡಿದು ತಡೆಯಬೇಕಾಯಿತು. ಕಟ್ಟಿಗೆ ಒಣಗಿಯೇ ಇತ್ತು. ಕಳ್ಳನಿದ್ದುದು ನೆಲದಲ್ಲಿ.

ಲೆಕ್ಕ ನೋಡಿ. 25 ಡಿಗ್ರಿಯ ಒಂದು ಗ್ರಾಂ ನೀರು ಕುದಿಯುವ ಮಟ್ಟಕ್ಕೇರಲು 75 ಕ್ಯಾಲೊರಿ, ಆವಿಯಾಗಲು ಸುಮಾರು 540, ಒಟ್ಟು 615. ಸೊನ್ನೆ ಡಿಗ್ರಿಯ ಹಿಮಕ್ಕೆ ಕರಗಲು 80, ಕಾಯಲು 100, ಆವಿಯಾಗಲು 540, ಒಟ್ಟು 720. ಹಿಮಾಲಯದ ಹಿಮಕ್ಕೂ ಕಮಲಾಪುರದ ಕೆಸರಿಗೂ ಇರುವ ಅಂತರ ಇಷ್ಟೇ! ಎರಡೆಡೆಯಲ್ಲಿಯೂ ಹೆಚ್ಚಿನ ಸುಂಕವನ್ನು ವಸೂಲು ಮಾಡುವುದು ಆವಿಯೇ. ಹಿಮದಲ್ಲಿ ಇನ್ನೊಂದು ತೊಡಕುಂಟು: ಅಡಿಯ ಹಿಮ ಕರಗಿದಂತೆಲ್ಲ ಬೆಂಕಿಯು ಗುಂಡಿಗಿಳಿದು, ತಾನು ಕರಗಿಸಿದ ನೀರಿನಲ್ಲಿಯೇ ಮುಳುಗುತ್ತದೆ.

ಹಿಮಪ್ರದೇಶಗಳಲ್ಲಿ ದಪ್ಪ ಹಸಿ ಕೊರಡುಗಳನ್ನು ಒತ್ತಾಗಿ ಜೋಡಿಸಿ, ಆ ಜಗಲಿಯ ಮೇಲೆ ಬೆಂಕಿ ಮಾಡುತ್ತಾರೆ. ನಾವೂ ಜಾಲಿಯ ಕೊರಡುಗಳನ್ನು ಹಾಸಿದೆವು. ನಾಲ್ಕನೆಯ ಸಲ ಬೆಂಕಿ ನಿಂತಿತು. ಹಸಿ ಕೊರಡಿನಲ್ಲಿಯೂ ನೀರಿದೆಯಲ್ಲವೆ ಎಂದು ಜಾಣ ವಾಚಕರು ಕೇಳಬಹುದು. ಇದೆ, ಆದರೆ ಅದು ಮರದೊಳಗೆ ಸೆರೆಯಾಗಿದ್ದು ನಿಧಾನವಾಗಿ ಹೊರಬರುತ್ತದೆ, ಮರವೋ ಉಷ್ಣದ ಮಂದವಾಹಕ. ಸುಲಭವಾಗಿ ಸಿಕ್ಕುವ ಶಹಾಬಾದ್ ಹಾಸುಗಲ್ಲನ್ನು ಮಾತ್ರ ಬಳಸಬಾರದು. ನೀರುಂಡ ಕಲ್ಲಿನ ಪದರಗಳ ನಡುವೆ ಆವಿ ಹುಟ್ಟಿದರೆ ಚೂರುಗಳು ಸಿಡಿದು ಕಣ್ಣಿಗೇ ಅಪಾಯ.

ಪೇಟೆಯಿಂದ ತಂದ ಮಂಜುಗಡ್ಡೆಯು ನಮ್ಮ ಪ್ರಯೋಗಶಾಲೆಯನ್ನು ಸೇರುವಷ್ಟರಲ್ಲಿ ಅರ್ಧ ಕರಗಿರುತ್ತದೆ. ಗುಪ್ತೋಷ್ಣದ ಮೊದಲ ಪಾಠವು ಕರಗುವಿಕೆಯಿಂದಲ್ಲ, ಆವಿಯಿಂದ ಆರಂಭವಾಗಲಿ ಎಂಬುದು ನಮ್ಮ ವಾದ. ಸಮತೂಕದ ತೊಗರಿಕಟ್ಟಿಗೆಯ ಎರಡು ಕಟ್ಟುಗಳನ್ನು, ಒಂದನ್ನು ತೊಯ್ದ ಎರೆಮಣ್ಣಿನ ಮೇಲೆ, ಇನ್ನೊಂದನ್ನು ಕೊರಡುಗಳ ಮೇಲೆ ಉರಿಸಿ, ಎರಡರ ಮೇಲೂ ಒಂದೊಂದು ಲೀಟರು ನೀರಿಟ್ಟು, ಯಾವುದು ಎಷ್ಟು ಕಾಯಿತೆಂದು ಉಷ್ಣಮಾಪಕದಿಂದ ಅಳೆಯಬಹುದು. ಬಯಲು, ಬೋಧಕರ ಮೇಲ್ವಿಚಾರಣೆ, ಪಕ್ಕದಲ್ಲೊಂದು ಬಕೆಟ್ ನೀರು: ಬೇಕಾದುದು ಇಷ್ಟೇ.